ಕಳ್ಳಿ ತಿನ್ನುವ ಘೇಂಡಾ: ನಮೀಬಿಯಾದಲ್ಲಿ ಏಳು ದಿನ

ದಿನ 1: ವಿಂಡ್‌ಹುಕ್

ಬೆಂಗಳೂರಿನಿಂದ ಹೊರಟು, ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ, ವಿಂಡ್‌ಹುಕ್‌ನಲ್ಲಿ ಇಳಿದಾಗ ಮಧ್ಯಾಹ್ನ ಆಗಿತ್ತು. ಜುಲೈ ತಿಂಗಳು. ನಾವು ಹೊರಡುವಾಗ ಸಕಲೇಶಪುರದಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಇಲ್ಲಿ ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ಬಿಸಿಲು ಇದೆ, ಆದರೆ ನೆರಳಿಗೆ ಹೋದರೆ ಸ್ವೆಟರ್ ಬೇಕು.

ನಾನೂ ತಂಗಿಯೂ ಬಂದಿದ್ದು ಒಂದೇ ಆಸೆಗೆ. ಕಪ್ಪು ಘೇಂಡಾಮೃಗ ನೋಡಬೇಕು. ಅದೂ ಬೇಲಿಯೊಳಗಿನದ್ದಲ್ಲ, ಮರಳುಗಾಡಿನ ಅಂಚಿನಲ್ಲಿ ತನ್ನ ಪಾಡಿಗೆ ಬದುಕಿರುವ ಘೇಂಡಾ. ಕಾಫಿ ತೋಟಕ್ಕೆ ರಾತ್ರಿ ಆನೆ ನುಗ್ಗಿದರೆ ಬೆಳಗ್ಗೆ ಏನು ಉಳಿದಿರುತ್ತೆ ಅಂತ ಗೊತ್ತಿರುವ ಮನೆಯವರು ನಾವು. ನಮೀಬಿಯಾದ ಕುನೇನೆ ಸೀಮೆಯಲ್ಲಿ ಆಡು ಮೇಯಿಸುವ ಜನ ಘೇಂಡಾಗಳನ್ನು ತಾವೇ ಕಾಯುತ್ತಾರೆ ಅಂತ ಕೇಳಿದ್ದೆ. ಅದು ಹೇಗೆ ಸಾಧ್ಯ ಅಂತ ಕಣ್ಣಾರೆ ನೋಡಬೇಕಿತ್ತು.

ಸಂಜೆ ಪೇಟೆ ಸುತ್ತಿ, ನೀರು, ಬ್ರೆಡ್ಡು, ಬಾಳೆಹಣ್ಣು ತಗೊಂಡು ಬೇಗ ಮಲಗಿದೆವು.

ದಿನ 2: ಎಟೋಶಾದ ದಾರಿ, ರಾತ್ರಿಯ ಕೆರೆ

ಬೆಳಗ್ಗೆ 6ಕ್ಕೆ ಹೊರಟೆವು. ಡ್ರೈವರ್ ಹೆರೆರೊ ಭಾಷೆಯವರು, ಐವತ್ತು ದಾಟಿದವರು. ಮಾತು ಕಡಿಮೆ, ನಗು ಜಾಸ್ತಿ. ಇಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುವುದು, ಅದೊಂದು ಸಮಾಧಾನ. ರಸ್ತೆ ಮಾತ್ರ ನಾವು ಕಂಡರಿಯದ್ದು. ಗಂಟೆಗಟ್ಟಲೆ ನೇರ ಹೋದರೂ ಎದುರಿಗೆ ನಾಲ್ಕೈದು ವಾಹನ ಸಿಕ್ಕರೆ ಹೆಚ್ಚು. ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡ ದೇಶ. ಜನ ಬರೀ 30 ಲಕ್ಷ. ಒಚಿವಾರೊಂಗೊ ದಾಟಿ, 400 ಕಿ.ಮೀ.ಗೂ ಜಾಸ್ತಿ ಹೋದ ಮೇಲೆ ಎಟೋಶಾ ರಾಷ್ಟ್ರೀಯ ಉದ್ಯಾನದ ಗೇಟು ಸಿಕ್ಕಿತು.

ಎಟೋಶಾ ಅಂದರೆ ಒಂದು ದೊಡ್ಡ ಬಿಳಿ ಬಯಲು. ಯಾವ ಕಾಲದಲ್ಲೋ ಕೆರೆಯಾಗಿತ್ತು, ಈಗ ಉಪ್ಪು ಮಣ್ಣಿನ ತಟ್ಟೆ. 4,800 ಚದರ ಕಿ.ಮೀ. ಇದೆ. ಅದರ ಅಂಚಿನಲ್ಲಿ ಅಲ್ಲಲ್ಲಿ ನೀರಿನ ಗುಂಡಿಗಳು. ಇಡೀ ಕಾಡು ಆ ಗುಂಡಿಗಳ ಸುತ್ತ ಬದುಕುತ್ತದೆ.

ನಾವು ಉಳಿದಿದ್ದು ಒಕಾಕುಯೊ ಕ್ಯಾಂಪಿನಲ್ಲಿ. ಅಲ್ಲಿ ಕಲ್ಲಿನ ಗೋಡೆಯ ಈಚೆ ಬೆಂಚು, ಆಚೆ ಕೆರೆ. ರಾತ್ರಿ ಮಂದ ದೀಪ ಹಾಕಿರುತ್ತಾರೆ. ಊಟ ಮುಗಿಸಿ, ಕಂಬಳಿ ಹೊದ್ದು ಕೂತೆವು. ಸುತ್ತ ಮೂವತ್ತು ನಲವತ್ತು ಜನ. ಯಾರೂ ಪಿಸುಗುಟ್ಟುತ್ತಲೂ ಇರಲಿಲ್ಲ.

ಒಂಬತ್ತೂವರೆ ಇರಬೇಕು. ಕತ್ತಲಿನಿಂದ ಮೊದಲು ಬಂದಿದ್ದು ಸದ್ದು. ಬುಸ್ಸ್ ಅಂತ ದೊಡ್ಡ ಉಸಿರು. ಆಮೇಲೆ ಬೂದು ಬಣ್ಣದ ಒಂದು ಗುಡ್ಡೆ ಬೆಳಕಿಗೆ ಬಂತು. ನನ್ನ ಜೀವನದ ಮೊದಲ ಕಪ್ಪು ಘೇಂಡಾ. ಹೆಸರಿಗೆ ಕಪ್ಪು, ಬಣ್ಣ ಬೂದಿಯದ್ದೇ. ಅದು ನಿಂತಿತು. ಕಿವಿ ಒಂದೊಂದನ್ನೇ ಬೇರೆ ಬೇರೆ ಕಡೆ ತಿರುಗಿಸಿತು. ಮುಂದೆ ಬಂದು ತಲೆ ಬಗ್ಗಿಸಿ ನೀರಿಗೆ ಬಾಯಿ ಇಟ್ಟಿತು. ಮೇಲಿನ ತುಟಿ ನೋಡಿದೆ, ಗಿಣಿ ಕೊಕ್ಕಿನ ಹಾಗೆ ಚೂಪಾಗಿ ಕೆಳಗೆ ಬಾಗಿದೆ. ಬಿಳಿ ಘೇಂಡಾಗೆ ಅಗಲ ಬಾಯಿ, ಅದು ಹುಲ್ಲು ಮೇಯುತ್ತದೆ. ಕಪ್ಪು ಘೇಂಡಾ ಗಿಡದ ಕೊಂಬೆ ತಿನ್ನುವ ಪ್ರಾಣಿ. ಆ ತುಟಿ ಅದಕ್ಕೆ ಬೆರಳಿದ್ದ ಹಾಗೆ. ಕೊಂಬೆ ಹಿಡಿದು ಎಳೆದು ಬಾಯಿಗೆ ಹಾಕಿಕೊಳ್ಳುತ್ತದೆ.

ಹತ್ತು ನಿಮಿಷದಲ್ಲಿ ಇನ್ನೆರಡು ಬಂದವು. ಒಂದು ತಾಯಿ, ಅದರ ಹಿಂದೆಯೇ ಮರಿ. ಮೊದಲು ಬಂದಿದ್ದು ತಲೆ ಎತ್ತಿ ಬುಸುಗುಟ್ಟಿತು. ತಾಯಿಯೂ ಬುಸುಗುಟ್ಟಿತು. ಜಗಳ ಆಗುತ್ತೆ ಅಂದುಕೊಂಡೆ. ಎರಡೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಆಮೇಲೆ ಒಂದೇ ಕೆರೆಯಲ್ಲಿ ನೀರು ಕುಡಿದವು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ನೋಡಿದರೆ ಅವಳ ಉಗುರಿನ ಗುರುತು ಮೂಡಿತ್ತು.

ದಿನ 3: ಕೊಂಬಿನ ಲೆಕ್ಕ

ಹಗಲಿನಲ್ಲಿ ಆನೆ, ಜೀಬ್ರಾ, ಜಿರಾಫೆ, ಎರಡು ಸಿಂಹ ಸಿಕ್ಕವು. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಮಧ್ಯಾಹ್ನ ಕ್ಯಾಂಪಿನಲ್ಲಿ ಸಿಕ್ಕ ಒಬ್ಬರ ಬಗ್ಗೆ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಪಶುವೈದ್ಯರು, ರಜೆಗೆ ಬಂದವರು. ನಾವು ರಾತ್ರಿ ನೋಡಿದ ಘೇಂಡಾಗಳ ವಿಷಯ ತೆಗೆದಿದ್ದೇ ತಡ, ಎರಡು ಗಂಟೆ ಕೂತು ಮಾತಾಡಿದರು.

1970ರಲ್ಲಿ ಆಫ್ರಿಕಾದಲ್ಲಿ ಸುಮಾರು 65,000 ಕಪ್ಪು ಘೇಂಡಾ ಇದ್ದವಂತೆ. 1990ರ ದಶಕದ ನಡುವಿಗೆ ಉಳಿದಿದ್ದು 2,500ಕ್ಕೂ ಕಡಿಮೆ. ಇಪ್ಪತ್ತೈದೇ ವರ್ಷ. ಆ ಕಾಲಕ್ಕೆ ಯೆಮೆನ್‌ನಲ್ಲಿ ಕಠಾರಿ ಹಿಡಿಗೆ ಕೊಂಬು ಬೇಕಿತ್ತು, ಪೂರ್ವ ಏಷ್ಯಾದಲ್ಲಿ ಔಷಧಿಗೆ ಬೇಕಿತ್ತು. ಕೊಂಬು ಅಂದರೆ ಏನು? ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್. 1977ರಲ್ಲೇ ಅಂತಾರಾಷ್ಟ್ರೀಯ ವ್ಯಾಪಾರ ನಿಷೇಧ ಆಯಿತು. ಆದರೂ ಕೊಲ್ಲುವುದು ನಿಲ್ಲಲಿಲ್ಲ. ಪಶ್ಚಿಮ ಆಫ್ರಿಕಾದ ತಳಿ ಪೂರ್ತಿ ಅಳಿದುಹೋಯಿತು ಅಂತ 2011ರಲ್ಲಿ ಘೋಷಿಸಿದರು.

ಈಗ ಸಂಖ್ಯೆ ನಿಧಾನವಾಗಿ ಏರಿ 6,700 ದಾಟಿದೆ. ಅದರಲ್ಲಿ ಜಾಸ್ತಿ ಪಾಲು ಇರುವುದು ಎರಡೇ ದೇಶದಲ್ಲಿ. ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾ, ತಲಾ ಎರಡು ಸಾವಿರದ ಆಸುಪಾಸು. ಈ ಒಣ ಸೀಮೆಯದ್ದು ನೈಋತ್ಯ ತಳಿ. ದಕ್ಷಿಣ ಆಫ್ರಿಕಾದ ಪೂರ್ವ ಭಾಗ, ಜಿಂಬಾಬ್ವೆ ಕಡೆ ಇರುವುದು ಇನ್ನೊಂದು ತಳಿ. ಕೆನ್ಯಾ, ಟಾಂಜಾನಿಯಾ ಕಡೆಯದ್ದು ಮೂರನೆಯದು.

ಅವರು ಕಾಗದದ ಮೇಲೆ ನಕ್ಷೆ ಬರೆದು ತೋರಿಸಿದರು. ಜಾಂಬಿಯಾದಲ್ಲಿ 1998ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. 2003ರಲ್ಲಿ ಅಲ್ಲಿನ ಉತ್ತರ ಲುವಾಂಗ್ವಾ ಉದ್ಯಾನಕ್ಕೆ ಹೊರಗಿನಿಂದ ತಂದು ಬಿಟ್ಟರು. ಮಲಾವಿಯ ಲಿವೊಂಡೆಗೆ 1993ರಲ್ಲಿ ಬಂದವು. 2019ರಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ 17 ಹೋದವು. ಜಿಂಬಾಬ್ವೆಯ ಗೊನಾರೆಝೌಗೆ 2021ರಲ್ಲಿ, ಮೊಜಾಂಬಿಕ್‌ನ ಝಿನಾವೆಗೆ 2022ರಲ್ಲಿ. ಬೋಟ್ಸ್‌ವಾನಾದ ಮೇಲೆ ಬೆರಳಿಟ್ಟು ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಅಲ್ಲಿನ ಒಕವಾಂಗೊ ಜೌಗು ಸೀಮೆಗೆ ಕಷ್ಟಪಟ್ಟು ತಂದು ಬಿಟ್ಟಿದ್ದರು. 2018ರಿಂದ ಬೇಟೆಗಾರರು ನುಗ್ಗಿದರು. ಉಳಿದ ಕಪ್ಪು ಘೇಂಡಾಗಳನ್ನು 2020ರಲ್ಲಿ ಅಲ್ಲಿಂದ ಹಿಡಿದು ಸಾಗಿಸಬೇಕಾಯಿತು. ಒಂದು ಕಡೆ ಗಿಡ ನೆಟ್ಟು, ಇನ್ನೊಂದು ಕಡೆ ಕೀಳುವವರನ್ನು ಕಾಯುವ ಕೆಲಸ ಇದು.

ರಸ್ತೆ ಇಲ್ಲದ ಜಾಗದಿಂದ ಘೇಂಡಾ ಸಾಗಿಸುವುದು ಹೇಗೆ? ಅರಿವಳಿಕೆ ಕೊಟ್ಟು, ನಾಲ್ಕೂ ಕಾಲು ಕಟ್ಟಿ, ಹೆಲಿಕಾಪ್ಟರ್‌ಗೆ ತಲೆಕೆಳಗಾಗಿ ನೇತುಹಾಕುತ್ತಾರೆ! ಕೇಳಿ ನನಗೆ ಎದೆ ಧಸಕ್ ಅಂತು. ಅದಕ್ಕೆ ನೋವಾಗಲ್ವಾ, ಉಸಿರು ಕಟ್ಟಲ್ವಾ? ಇದೇ ನಮೀಬಿಯಾದಲ್ಲಿ 12 ಘೇಂಡಾಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಪಕ್ಕಕ್ಕೆ ಮಲಗಿಸಿದ್ದಕ್ಕಿಂತ ನೇತುಹಾಕಿದಾಗ ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಚೆನ್ನಾಗಿಯೇ ಇತ್ತು.

ಕೊಂಬು ಕತ್ತರಿಸುವ ಕೆಲಸವನ್ನು ಮೊದಲು ಶುರು ಮಾಡಿದ್ದೂ ನಮೀಬಿಯಾವೇ, 1989ರಲ್ಲಿ. ಪ್ರಾಣಿಯನ್ನು ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಬಟ್ಟೆ ತುರುಕಿ, ಬುಡದ ಮೇಲೆ ಸ್ವಲ್ಪ ಬಿಟ್ಟು ಗರಗಸದಲ್ಲಿ ಕೊಯ್ಯುತ್ತಾರೆ. ಉಗುರು ಕತ್ತರಿಸಿದ ಹಾಗೆ, ನೋವಿಲ್ಲ. ಮತ್ತೆ ಬೆಳೆಯುತ್ತದೆ, ಒಂದೂವರೆ ಎರಡು ವರ್ಷಕ್ಕೆ ಮತ್ತೆ ಕತ್ತರಿಸಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಸುತ್ತಲಿನ 11 ಮೀಸಲು ಕಾಡುಗಳ ಲೆಕ್ಕ ತೆಗೆದಾಗ, ಕೊಂಬು ಕತ್ತರಿಸಿದ ಮೇಲೆ ಕಳ್ಳಬೇಟೆ 78% ಇಳಿದಿತ್ತು. ದೊಡ್ಡ ಇಳಿಕೆ. ಆದರೆ ಉಳಿದ ಮೋಟು ಕೊಂಬಿಗೂ ಕೊಲ್ಲುವವರಿದ್ದಾರೆ.

ನಾವು ಕೂತಿದ್ದ ಎಟೋಶಾವೂ ಸುರಕ್ಷಿತ ಅಲ್ಲ. 2022ರಲ್ಲಿ ನಮೀಬಿಯಾ 87 ಘೇಂಡಾ ಕಳೆದುಕೊಂಡಿತು. ಅದರಲ್ಲಿ 61 ಕಪ್ಪು. ಅರ್ಧಕ್ಕಿಂತ ಜಾಸ್ತಿ ಸತ್ತಿದ್ದು ಈ ಉದ್ಯಾನದಲ್ಲೇ. ನಿನ್ನೆ ರಾತ್ರಿ ನೀರು ಕುಡಿದ ಆ ತಾಯಿ ಮರಿ ನೆನಪಾಗಿ ನನಗೆ ಊಟ ಸೇರಲಿಲ್ಲ. (ನಾವು ಊರಿಗೆ ಬಂದ ಮೇಲೆ, ಸೆಪ್ಟೆಂಬರ್‌ನಲ್ಲಿ, ಎಟೋಶಾದಲ್ಲಿ ಬೆಂಕಿ ಬಿದ್ದು ಕಾಡಿನ ದೊಡ್ಡ ಭಾಗವೇ ಸುಟ್ಟಿತು. ಆ ಸುದ್ದಿ ಓದಿದ ದಿನವೂ ಅವೇ ಎರಡು ಕಣ್ಣ ಮುಂದೆ ಬಂದವು.)

ದಿನ 4: ಕೆಂಪು ಕಲ್ಲಿನ ಸೀಮೆ

ಎಟೋಶಾದಿಂದ ಹೊರಟು ಕಮನ್ಯಾಬ್ ಊರು ದಾಟಿದ ಮೇಲೆ ಡಾಂಬರು ಮುಗಿಯಿತು. ಜಲ್ಲಿ ರಸ್ತೆ. ಗ್ರೂಟ್‌ಬರ್ಗ್ ಘಾಟಿಗೆ ಮೊದಲೇ ಟೈರ್ ಪಂಕ್ಚರ್. ಸ್ಟೆಪ್ನಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಗಾಡಿ ಬಾಡಿಗೆ ಕೊಟ್ಟವರು ಪರೀಕ್ಷೆ ಮಾಡದೆ ಕಳಿಸಿದ್ದರು. ಒಂದೂವರೆ ಗಂಟೆ ಬಿಸಿಲಲ್ಲಿ ನಿಂತೆವು. ಕೊನೆಗೆ ಆಡುಗಳನ್ನು ತುಂಬಿಕೊಂಡು ಬಂದ ಒಂದು ಪಿಕಪ್‌ನವರು ತಮ್ಮ ಪಂಪು ಕೊಟ್ಟರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಬಾಳೆಹಣ್ಣು ಮಾತ್ರ ತಗೊಂಡರು.

ಘಾಟಿ ಇಳಿದ ಮೇಲೆ ನೆಲದ ಬಣ್ಣವೇ ಬೇರೆ. ಕಣ್ಣು ಹಾಯಿಸಿದಷ್ಟೂ ತುಕ್ಕು ಬಣ್ಣದ ಕಲ್ಲು. ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾದ ನೆಲ. ಚಪ್ಪಟೆ ತಲೆಯ ಗುಡ್ಡಗಳು. ಕಲ್ಲಿನ ನಡುವೆ ಹಸಿರು ಬುಟ್ಟಿ ಬೋರಲು ಹಾಕಿದ ಹಾಗೆ ಪೊದೆಗಳು. ಇಳಿದು ಹತ್ತಿರ ಹೋಗಿ ನೋಡಿದರೆ, ಅಯ್ಯೋ, ಇದು ನಮ್ಮ ಕಳ್ಳಿಯ ಜಾತಿ! ಎಲೆ ಇಲ್ಲ, ಬೆರಳು ದಪ್ಪದ ಕಡ್ಡಿಗಳು. ಮುರಿದರೆ ಬಿಳಿ ಹಾಲು. ಡಮರಾ ಕಳ್ಳಿ ಅನ್ನೋಣ. ಹಾಲು ಕಣ್ಣಿಗೆ ತಾಗಿದರೆ ಉರಿ ತಡೆಯೋಕೆ ಆಗಲ್ಲ, ಮುಟ್ಟಬೇಡಿ ಅಂದರು ಡ್ರೈವರ್. ಸೌದೆಗೂ ಇದನ್ನು ಬಳಸುವುದಿಲ್ಲವಂತೆ, ಹೊಗೆಯೂ ವಿಷ. "ಇದನ್ನು ಇಷ್ಟಪಟ್ಟು ತಿನ್ನೋದು ಘೇಂಡಾ," ಅಂದರು.

ಊರಲ್ಲಿ ಅಜ್ಜಿ ಕಳ್ಳಿ ಬೇಲಿಯ ಹತ್ತಿರ ಹೋಗಬೇಡ ಅಂತ ಗದರಿಸುತ್ತಿದ್ದುದು ನೆನಪಾಯಿತು.

ಸಂಜೆಗೆ ಕುನೇನೆಯ ಪಾಮ್‌ವಾಗ್‌ನ ಲಾಡ್ಜ್ ತಲುಪಿದೆವು.

ದಿನ 5: ಗಾಳಿಯ ಎದುರು

ಇಡೀ ಪ್ರವಾಸದ ಮುಖ್ಯ ದಿನ ಇದು.

ಟ್ರ್ಯಾಕರ್‌ಗಳು ನಮಗಿಂತ ಮೊದಲೇ, ಕತ್ತಲಲ್ಲೇ ಹೊರಟಿದ್ದರು. ನೀರಿನ ಸೆಲೆಗಳ ಹತ್ತಿರ ಹೋಗಿ ರಾತ್ರಿ ಯಾವ ಪ್ರಾಣಿ ಬಂದಿತ್ತು ಅಂತ ಹೆಜ್ಜೆ ನೋಡಿ, ಅಲ್ಲಿಂದ ಬೆನ್ನು ಹತ್ತುತ್ತಾರೆ. ನಾವು ನಿಧಾನವಾಗಿ ಗಾಡಿಯಲ್ಲಿ ಹಿಂದೆ ಹೋದೆವು. ಹೊರಡುವ ಮೊದಲು ಒಂದು ಮಾತು ಹೇಳಿದರು: ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ. ಫೋಟೋದ ಜೊತೆ ಜಾಗದ ಗುರುತೂ ಹೋಗುತ್ತೆ, ಅದನ್ನು ಕಾಯ್ದು ನೋಡುವವರಿದ್ದಾರೆ. ಅದಕ್ಕೇ ನಾನೂ ಇಲ್ಲಿ ಯಾವ ಕಣಿವೆ, ಯಾವ ಸೆಲೆ ಅಂತ ಬರೆಯುವುದಿಲ್ಲ.

ಎರಡು ಗಂಟೆ ಏನೂ ಇಲ್ಲ. ಕಲ್ಲು, ಕಲ್ಲು, ದೂರದಲ್ಲಿ ನಾಲ್ಕು ಜೀಬ್ರಾ. ಒಂದು ಕಡೆ ಗಾಡಿ ನಿಲ್ಲಿಸಿ ನಮ್ಮ ಗೈಡ್ ಲದ್ದಿ ರಾಶಿಯೊಂದನ್ನು ತೋರಿಸಿದರು. ಘೇಂಡಾಗಳು ಒಂದೇ ಜಾಗಕ್ಕೆ ಬಂದು ಲದ್ದಿ ಹಾಕಿ, ಹಿಂಗಾಲಿನಲ್ಲಿ ಕೆದರಿ ಹೋಗುತ್ತವೆ. ಮುಂದೆ ಬರುವ ಘೇಂಡಾಗೆ ಅದೇ ಕಾಗದ: ಯಾರು ಬಂದಿದ್ದರು, ಯಾವಾಗ, ಗಂಡೋ ಹೆಣ್ಣೋ. ಅವರು ಒಣ ಲದ್ದಿಯನ್ನು ಕೈಯಲ್ಲಿ ಪುಡಿ ಮಾಡಿ ಅಂಗೈ ಚಾಚಿದರು. ಒಳಗೆಲ್ಲ ಸಣ್ಣ ಸಣ್ಣ ಕಡ್ಡಿ ತುಂಡು. ಪ್ರತಿ ತುಂಡಿನ ತುದಿಯೂ ಓರೆಯಾಗಿ, ಕತ್ತಿಯಲ್ಲಿ ಕೊಯ್ದ ಹಾಗೆ ನುಣುಪು. ನಮ್ಮಲ್ಲಿ ಕಾಫಿ ಗಿಡದ ಚಿಗುರು ಕಸಿ ಕತ್ತರಿಯಲ್ಲಿ ತೆಗೆದರೆ ಹೀಗೇ ಇರುತ್ತೆ. ಆನೆ ಲದ್ದಿಯಲ್ಲಿ ಕಡ್ಡಿ ಜಜ್ಜಿ ನಾರು ನಾರಾಗಿರುತ್ತೆ. ಓರೆ ಕಟ್ ಕಂಡರೆ ಅದು ಕಪ್ಪು ಘೇಂಡಾದ್ದೇ.

ಹತ್ತು ಗಂಟೆ ಹೊತ್ತಿಗೆ ರೇಡಿಯೋ ಕರೆಯಿತು. ಸಿಕ್ಕಿದೆ.

ಇಳಿದು ನಡೆದೆವು. ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ. ಕಲ್ಲು ಉರುಳಿ ಸದ್ದಾಗುತ್ತೆ ಅಂತ ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕು. ಮುಂದಿದ್ದ ಟ್ರ್ಯಾಕರ್ ನಿಂತು, ಬೂದಿ ತುಂಬಿದ ಒಂದು ಸಣ್ಣ ಚೀಲ ಕೊಡವಿದರು. ಬೂದಿ ನಮ್ಮ ಕಡೆಗೇ ಹಾರಿತು. ಸರಿ, ಗಾಳಿ ಎದುರಿನಿಂದ ಇದೆ. ಘೇಂಡಾಗೆ ಕಣ್ಣು ಮಂದ, ಆದರೆ ಮೂಗು, ಕಿವಿ ತುಂಬಾ ಚುರುಕು. ಗಾಳಿ ತಿರುಗಿದರೆ ಆಟ ಮುಗಿಯಿತು.

ಮರಳಿನಲ್ಲಿ ಹೆಜ್ಜೆ ತೋರಿಸಿದರು. ಮೂರು ಬೆರಳು, ಇಸ್ಪೀಟಿನ ಕಳಾವರ್ ಎಲೆಯ ಹಾಗೆ. ಪಕ್ಕದಲ್ಲೇ ಅದೇ ಆಕಾರದ ಪುಟ್ಟ ಹೆಜ್ಜೆ.

ಒಂದು ದಿಬ್ಬದ ಮೇಲೆ ಕೂರಿಸಿದರು. ಕೆಳಗೆ ನೂರೈವತ್ತು ಮೀಟರ್ ದೂರದಲ್ಲಿ ತಾಯಿ ಮತ್ತು ಮರಿ. ತಾಯಿ ಕಳ್ಳಿ ಪೊದೆಗೆ ತಲೆ ತೂರಿಸಿತ್ತು. ಲಟಕ್ ಅಂತ ಕಡ್ಡಿ ಮುರಿಯುವ ಸದ್ದು ನಮ್ಮವರೆಗೂ ಕೇಳಿತು. ಬಾಯಿಯ ಪಕ್ಕದಲ್ಲಿ ಬಿಳಿ ಹಾಲು ಇಳಿಯುತ್ತಿದ್ದುದನ್ನು ದುರ್ಬೀನಿನಲ್ಲಿ ನೋಡಿದೆ. ಅಷ್ಟು ವಿಷದ ಗಿಡವನ್ನು ಅದು ಕಬ್ಬು ಜಗಿದ ಹಾಗೆ ಜಗಿಯುತ್ತಿತ್ತು. ಮರಿಗೆ ಒಂದು ವರ್ಷ ಇರಬಹುದು ಅಂದರು. ಅದು ತಾಯಿ ಬಿಟ್ಟ ಕಡ್ಡಿಯೊಂದನ್ನು ಮೂಸಿ, ಬಾಯಿಗೆ ಹಾಕಿ, ಉಗುಳಿ, ಮತ್ತೆ ಹಾಕಿಕೊಂಡಿತು.

ಟ್ರ್ಯಾಕರ್ ಪಕ್ಕದಲ್ಲಿ ಕೂತು ಫಾರ್ಮ್ ತುಂಬುತ್ತಿದ್ದರು. ದಿನಾಂಕ, ಹೊತ್ತು, ಕಿವಿಯ ಕಚ್ಚು ಎಲ್ಲೆಲ್ಲಿದೆ, ಕೊಂಬು ಹೇಗಿದೆ, ಮೈ ತುಂಬಿಕೊಂಡಿದೆಯೋ ಪಕ್ಕೆಲುಬು ಕಾಣುತ್ತೋ, ಮರಿ ಹೇಗಿದೆ. ಪ್ರತಿ ಘೇಂಡಾಗೂ ಹೆಸರಿದೆ, ಫೈಲಿದೆ. ಇಲ್ಲಿ ಗಿಡವೇ ಅಪರೂಪ, ಹಾಗಾಗಿ ಒಂದೊಂದು ಘೇಂಡಾಗೂ ನೂರಾರು ಚದರ ಕಿ.ಮೀ. ಜಾಗ ಬೇಕು. ಹುಡುಕುವುದು ಎಂಥ ಕಷ್ಟ ಯೋಚಿಸಿ. ಬಸುರಿ ಆದರೆ ಹದಿನೈದು ತಿಂಗಳ ಮೇಲೆ ಒಂದೇ ಮರಿ. ಇನ್ನೊಂದಕ್ಕೆ ಎರಡೂವರೆ, ಮೂರು, ಕೆಲವೊಮ್ಮೆ ನಾಲ್ಕು ವರ್ಷ. ಒಂದು ತಾಯಿ ಸತ್ತರೆ ಎಷ್ಟು ವರ್ಷ ನಷ್ಟ ಅಂತ ಕೂತಲ್ಲೇ ಲೆಕ್ಕ ಹಾಕಿದೆ.

ಇದ್ದಕ್ಕಿದ್ದ ಹಾಗೆ ತಾಯಿ ತಲೆ ಎತ್ತಿತು. ಎರಡೂ ಕಿವಿ ನಮ್ಮ ಕಡೆ. ನಾವು ಉಸಿರು ಹಿಡಿದೆವು. ಟ್ರ್ಯಾಕರ್ ಕೈ ಸನ್ನೆಯಲ್ಲಿ, ಸಾಕು, ಹೊರಡೋಣ ಅಂದರು. ನಾವು ಕೂತು ಹದಿನೈದು ನಿಮಿಷ ಆಗಿತ್ತು ಅಷ್ಟೇ. ಓಡಿಸಿದರೆ ಅದು ಆ ಬಿಸಿಲಲ್ಲಿ ಹತ್ತಾರು ಕಿ.ಮೀ. ಓಡಬಹುದು, ನೀರು ಬಿಟ್ಟು, ಮೇವು ಬಿಟ್ಟು. ನಮ್ಮ ಖುಷಿಗೆ ಅದಕ್ಕೆ ಆ ಕಷ್ಟ ಕೊಡಬಾರದು. ಬೆನ್ನು ಬಗ್ಗಿಸಿ, ಬಂದ ದಾರಿಯಲ್ಲೇ ಹಿಂದೆ ಸರಿದೆವು. ತಂಗಿ ಗಾಡಿ ಹತ್ತಿ ಕೂತ ಮೇಲೆ ಅತ್ತಳು. ನಾನು ಏನೂ ಹೇಳಲಿಲ್ಲ.

ದಿನ 6: ಕಾವಲಿನವರ ಊರು

ಹತ್ತಿರದ ಒಂದು ಹಳ್ಳಿಗೆ ಹೋದೆವು. ಹತ್ತು ಹನ್ನೆರಡು ಮನೆ, ಆಡಿನ ದೊಡ್ಡಿ, ಒಂದು ಗಾಳಿಯಂತ್ರ, ನೀರಿನ ತೊಟ್ಟಿ. ಅಲ್ಲಿ ಒಬ್ಬ ಹಿರಿಯರು, ಹಿಂದೆ ಕಾಡು ಕಾಯುವ ಕೆಲಸ ಮಾಡಿದವರು. ಡ್ರೈವರ್ ಮಾತು ದಾಟಿಸಿದರು.

1980ರ ಸುಮಾರಿಗೆ ಈ ಸೀಮೆಗೆ ಭೀಕರ ಬರ. ದನಗಳೆಲ್ಲ ಸತ್ತವು. ಹೊಟ್ಟೆಪಾಡಿಗೂ ಬೇಟೆ, ಕೊಂಬು ದಂತದ ಆಸೆಗೂ ಬೇಟೆ. ಹೊರಗಿನವರೂ ಬಂದು ಹೊಡೆದರು. ಕುನೇನೆಯ ಕಪ್ಪು ಘೇಂಡಾ ಅರವತ್ತರ ಆಸುಪಾಸಿಗೆ ಇಳಿದವು. ಆಗ ಕಾಡುಪ್ರಾಣಿ ಉಳಿಸುವ ಕೆಲಸದಲ್ಲಿದ್ದ ಗಾರ್ತ್ ಓವೆನ್-ಸ್ಮಿತ್ ಅನ್ನುವವರು ಊರ ಮುಖಂಡರ ಹತ್ತಿರ ಹೋಗಿ ಕೂತರು. ಪೊಲೀಸರನ್ನು ಕರೆತರಲಿಲ್ಲ. ನಿಮ್ಮ ಕಾಡು, ನೀವೇ ಕಾವಲುಗಾರರನ್ನು ಆರಿಸಿ ಅಂದರು. ಮುಖಂಡರು ಆರಿಸಿದ್ದು ಯಾರನ್ನು? ಕಾಡು ಚೆನ್ನಾಗಿ ಗೊತ್ತಿದ್ದವರನ್ನು. ಅವರಲ್ಲಿ ಬೇಟೆ ಆಡುತ್ತಿದ್ದವರೂ ಇದ್ದರು. ಸಂಬಳ ಅಂದರೆ ಮೆಕ್ಕೆಜೋಳದ ಹಿಟ್ಟು, ದಿನಸಿ, ಸ್ವಲ್ಪ ದುಡ್ಡು. 1982ರಲ್ಲಿ ಬ್ಲೈತ್ ಲೂಟಿಟ್ ಶುರು ಮಾಡಿದ ಸೇವ್ ದ ರೈನೋ ಟ್ರಸ್ಟ್ ಕೂಡ ಹಾಗೇ ಮಾಡಿತು. ನಿನ್ನೆಯ ಟ್ರ್ಯಾಕರ್‌ಗಳು ಮಾಡುವ ಕೆಲಸಕ್ಕೆ ಅಲ್ಲಿಂದಲೇ ದಾರಿ.

ಸ್ವಾತಂತ್ರ್ಯ ಬಂದಿದ್ದು 1990ರಲ್ಲಿ. 1996ರ ಕಾನೂನು ಬಂದ ಮೇಲೆ ಹಳ್ಳಿಗಳು ಸೇರಿ ಕನ್ಸರ್ವೆನ್ಸಿ, ಅಂದರೆ ತಮ್ಮ ಸೀಮೆಯ ಕಾಡುಪ್ರಾಣಿ ನೋಡಿಕೊಳ್ಳುವ ಊರ ಸಂಘ, ಮಾಡಿಕೊಂಡು, ಕಾಡುಪ್ರಾಣಿಯಿಂದ ಬರುವ ಆದಾಯವನ್ನು ತಾವೇ ಇಟ್ಟುಕೊಳ್ಳಬಹುದು ಅಂತಾಯಿತು. ಈಗ ದೇಶದಲ್ಲಿ 86 ಇವೆ. ನಾವು ಉಳಿದ ಲಾಡ್ಜಿನಂಥವು ಕನ್ಸರ್ವೆನ್ಸಿಗೆ ದುಡ್ಡು ಕೊಡುತ್ತವೆ, ಕೆಲಸ ಕೊಡುತ್ತವೆ. 2012ರಿಂದ ಹಳ್ಳಿಗಳೇ ತಮ್ಮ ಘೇಂಡಾ ರೇಂಜರ್‌ಗಳನ್ನು ಇಟ್ಟುಕೊಂಡಿವೆ. ಇದೆಲ್ಲ ಆಗಿ, ರಾಷ್ಟ್ರೀಯ ಉದ್ಯಾನದ ಹೊರಗೆ, ಬೇಲಿ ಇಲ್ಲದೆ ಇಷ್ಟು ಕಪ್ಪು ಘೇಂಡಾ ಬದುಕಿರುವ ಜಾಗ ಜಗತ್ತಿನಲ್ಲಿ ಇದೊಂದೇ.

ಎಲ್ಲ ಸರಿ ಇದೆ ಅಂತಲ್ಲ. ಮಳೆ ಕೈಕೊಟ್ಟು 2024ರಲ್ಲಿ ದೇಶವೇ ತುರ್ತು ಪರಿಸ್ಥಿತಿ ಘೋಷಿಸಿತು. ಆ ಹಿರಿಯರ ದೊಡ್ಡಿಯಲ್ಲಿ ಒಂದು ಕಾಲಕ್ಕೆ ದನ ಇದ್ದವು, ಈಗ ಆಡು ಮಾತ್ರ. ಸಿಂಹ ಬಂದು ಆಡು ಹಿಡಿಯುತ್ತೆ. ಕೊರೊನಾ ಸಮಯದಲ್ಲಿ ಪ್ರವಾಸಿಗರೇ ಇಲ್ಲ, ಲಾಡ್ಜಿನಿಂದ ಬರುವ ದುಡ್ಡೂ ಇಲ್ಲ.

ಅವರು ನನ್ನನ್ನು ಕೇಳಿದರು, ನಿಮ್ಮಲ್ಲಿ ದೊಡ್ಡ ಪ್ರಾಣಿ ಇದೆಯಾ ಅಂತ. ಆನೆ ಇದೆ ಅಂದೆ. ತೋಟಕ್ಕೆ ಬರುತ್ತೆ, ಬಾಳೆ, ಬೈನೆ ಮುರಿಯುತ್ತೆ, ಜನರೂ ಸತ್ತಿದ್ದಾರೆ ಅಂದೆ. ಅವರು ತಲೆ ಆಡಿಸಿದರು. ಆಮೇಲೆ ಕೇಳಿದರು: "ಅದನ್ನು ಕಾಯೋರು ನಿಮ್ಮ ಊರಿನವರಾ?"

ನಮ್ಮಲ್ಲೂ ಊರ ಹುಡುಗರು ಆನೆ ಕಾವಲಿಗೆ ಇದ್ದಾರೆ, ಆನೆ ಎಲ್ಲಿದೆ ಅಂತ ಮೆಸೇಜು ಬರುತ್ತೆ. ಅದನ್ನೇ ಹೇಳಿದೆ. ಆದರೆ ಆನೆ ನಮ್ಮದು ಅಂತ ನಮ್ಮ ಊರಲ್ಲಿ ಯಾರಾದರೂ ಹೇಳುತ್ತಾರಾ? ಆ ಪ್ರಶ್ನೆ ಅವರು ಕೇಳಲಿಲ್ಲ. ನಾನೇ ಕೇಳಿಕೊಂಡೆ, ಇನ್ನೂ ಕೇಳಿಕೊಳ್ಳುತ್ತಾ ಇದ್ದೇನೆ.

ದಿನ 7: ವಾಪಸ್

ಬೆಳಕು ಹರಿಯುವ ಮೊದಲೇ ಹೊರಟೆವು. ಅರ್ಧ ಗಂಟೆ ಹೋಗಿರಬಹುದು, ಡ್ರೈವರ್ ಗಾಡಿ ನಿಲ್ಲಿಸಿ ಸುತ್ತ ಒಮ್ಮೆ ಚೆನ್ನಾಗಿ ನೋಡಿ, ಇಳಿಯಿರಿ ಅಂತ ಸನ್ನೆ ಮಾಡಿದರು. ರಸ್ತೆ ಪಕ್ಕದಲ್ಲೇ ಲದ್ದಿ ರಾಶಿ. ಮೇಲಿನದು ಹಸಿ, ಹಿಂಗಾಲಿನಿಂದ ಕೆದರಿದ ಗೆರೆಗಳು ಎರಡು ಕಡೆಗೂ ಉದ್ದಕ್ಕೆ. ಚಳಿಗೆ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು.

ತಂಗಿ ಕೂತು ಒಂದು ಕಡ್ಡಿಯಿಂದ ಬಿಡಿಸಿ ನೋಡಿದಳು. "ಅಕ್ಕ, ಓರೆ ಕಟ್ ಇದೆ," ಅಂದಳು.

ಡ್ರೈವರ್ ಟಾರ್ಚ್ ಹಾಕಿ ಮಣ್ಣಿನಲ್ಲಿ ಹೆಜ್ಜೆ ತೋರಿಸಿದರು. ಮೂರು ಬೆರಳು. ರಸ್ತೆ ದಾಟಿ, ಗುಡ್ಡದ ಕಡೆಗೆ ಹೋಗಿತ್ತು.